ಅಗ್ಗ ಎಲ್ಲಿಂದ ಬಂತು?

ಪ್ರೊಸೆಸರ್ ಅದೇ, ಮೆಮೊರಿ ಅಷ್ಟೇ, ಹಾರ್ಡ್ ಡಿಸ್ಕಿನ ಗಾತ್ರವೂ ಒಂದೇ. ಆದರೂ ಊರಿನ ಅಂಗಡಿಯವನು ಹೇಳುವ ಬೆಲೆಗಿಂತ ಪತ್ರಿಕೆಯ ಜಾಹೀರಾತಿನಲ್ಲಿರುವ ಬೆಲೆ ನೂರಾರು ಡಾಲರ್ ಕಡಿಮೆ. 1980 ಮತ್ತು 90ರ ದಶಕಗಳಲ್ಲಿ ಮನೆಗೊಂದು ಕಂಪ್ಯೂಟರ್ ತರಲು ಹೊರಟ ಅಮೆರಿಕದ ಸಾಮಾನ್ಯ ಸಂಸಾರಗಳು ಈ ಸಂದಿಗ್ಧವನ್ನು ಎದುರಿಸಿದವು. ಫ್ಲಾರಿಡಾದ ಟೈಟಸ್‌ವಿಲ್‌ನಲ್ಲಿ 1979ರಲ್ಲಿ ಹುಟ್ಟಿದ ‘ಕಂಪ್ಯೂಟರ್ ಶಾಪರ್’ ಪತ್ರಿಕೆ ಮುಂದೆ ಒಂದೊಂದು ಸಂಚಿಕೆಗೆ 800 ಪುಟಗಳನ್ನೂ ಮೀರಿ ಬೆಳೆಯಿತು. ಆ ಪುಟಗಳನ್ನು ತುಂಬಿದವರು ಬಹುಪಾಲು ಅಂಚೆಯ ಮೂಲಕ ಮಾರುವವರೇ. ದೊಡ್ಡ ಅಕ್ಷರದಲ್ಲಿ ಬೆಲೆ, ಅದರ ಕೆಳಗೆ ಒಂದು ದೂರವಾಣಿ ಸಂಖ್ಯೆ, ಇನ್ನೂ ಕೆಳಗೆ ಕಣ್ಣು ಕಿರಿದು ಮಾಡಿ ಓದಬೇಕಾದ ಷರತ್ತುಗಳು. ಇವರಲ್ಲಿ ಯಾರನ್ನು ನಂಬುವುದು, ಯಾರನ್ನು ಬಿಡುವುದು?

ಸಂತೆಯಲ್ಲಿ ಎತ್ತು ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಮಾರುವವನ ಊರು ಮನೆತನ ವಿಚಾರಿಸುತ್ತಾನೆ. ಸರಕೂ ಕಣ್ಣೆದುರಿಗೆ, ಸರಕಿನ ಒಡೆಯನೂ ಕಣ್ಣೆದುರಿಗೆ. ಅಂಚೆ ವ್ಯಾಪಾರ ಇವೆರಡನ್ನೂ ಒಮ್ಮೆಗೇ ನಮ್ಮಿಂದ ದೂರ ಮಾಡಿತು. ಕೈಗೆ ಸಿಗುವಂತೆ ಉಳಿದದ್ದು ಬೆಲೆಯೊಂದೇ. ಆದ್ದರಿಂದ ಬೆಲೆಯನ್ನೇ ಸಾಕ್ಷಿಕಟ್ಟೆಗೆ ಹತ್ತಿಸಿದೆವು. ಇಷ್ಟು ಅಗ್ಗಕ್ಕೆ ಕೊಡುವವನು ಮೋಸಗಾರನೇ ಇರಬೇಕು ಎಂದು ಕೆಲವರು ತೀರ್ಪು ಕೊಟ್ಟರು. ಅಂಗಡಿಯವನು ಇಷ್ಟು ದಿನ ನಮ್ಮನ್ನು ಸುಲಿದದ್ದೇ ನಿಜ ಎಂದು ಇನ್ನು ಕೆಲವರು ಹೇಳಿದರು. ಎರಡೂ ಅವಸರದ ತೀರ್ಪುಗಳು ಎಂದೇ ನನ್ನ ಭಾವನೆ. ಈ ಅವಸರಕ್ಕೆ ಕಂಪ್ಯೂಟರಿಗಿಂತ ಬಹಳ ಹಳೆಯ ಚರಿತ್ರೆಯಿದೆ.

1872ರಲ್ಲಿ ಷಿಕಾಗೋದ ಆರನ್ ಮಾಂಟ್ಗೊಮರಿ ವಾರ್ಡ್ ಒಂದೇ ಹಾಳೆಯ ಬೆಲೆಪಟ್ಟಿಯನ್ನು ಹಳ್ಳಿಗಳ ರೈತರಿಗೆ ಕಳುಹಿಸಿದ. ಅದರಲ್ಲಿದ್ದದ್ದು 163 ವಸ್ತುಗಳು. ಹಳ್ಳಿ ಹಳ್ಳಿ ಸುತ್ತಿ ಸರಕು ಮಾರುತ್ತಿದ್ದ ದಿನಗಳಲ್ಲಿ, ಪಟ್ಟಣದಿಂದ ರೈತನ ಮನೆ ಮುಟ್ಟುವಷ್ಟರಲ್ಲಿ ಬೆಲೆ ಎಷ್ಟು ಕೈ ದಾಟಿ ಎಷ್ಟು ಏರುತ್ತದೆ ಎಂಬುದನ್ನು ಅವನು ಕಣ್ಣಾರೆ ಕಂಡಿದ್ದ. ಹಿಂದಿನ ವರ್ಷದ ಷಿಕಾಗೋ ಬೆಂಕಿಯಲ್ಲಿ ಕೂಡಿಟ್ಟ ಸರಕೆಲ್ಲ ಸುಟ್ಟುಹೋದರೂ ಅವನು ಮತ್ತೆ ಆರಂಭಿಸಿದ. ಮರುವರ್ಷ, 1873ರ ನವೆಂಬರಿನಲ್ಲಿ, ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆ ಅವನನ್ನು ವಂಚಕನೆಂದು ಕರೆದು ರೈತರನ್ನು ಎಚ್ಚರಿಸಿತು. ಪತ್ರಿಕೆ ಕೊಟ್ಟ ಕಾರಣಗಳೇನು? ನಂಬಲಾಗದಷ್ಟು ಕಡಿಮೆ ಬೆಲೆ. ಜನರ ಕಣ್ಣಿಗೆ ಬೀಳದ, ಅಂಚೆಪೆಟ್ಟಿಗೆಯ ಮೂಲಕ ಮಾತ್ರ ಸಿಗುವ ಮಾಲೀಕರು. ಡಿಸೆಂಬರ್ ಮುಗಿಯುವ ಮೊದಲೇ ಪತ್ರಿಕೆ ತನ್ನ ಮಾತನ್ನು ಹಿಂತೆಗೆದುಕೊಂಡು, ಸಂಸ್ಥೆ ಪ್ರಾಮಾಣಿಕವಾದದ್ದೆಂದು ಒಪ್ಪಿಕೊಂಡಿತು.

ಆ ಪತ್ರಿಕೆಯನ್ನು ದೂರುವಷ್ಟು ಹಗುರವಾಗಿ ನಾವಿದನ್ನು ನೋಡಬಾರದು. ಅದು ಹೇಳಿದ ಎರಡು ಲಕ್ಷಣಗಳು, ಅಂದರೆ ವಿಪರೀತ ಅಗ್ಗ ಮತ್ತು ಕಾಣದ ಮುಖ, ನಿಜವಾದ ವಂಚಕರಲ್ಲೂ ಇದ್ದವು. ಅಂಚೆಯನ್ನು ಬಳಸಿ ಮೋಸ ಮಾಡುವುದು ಅಪರಾಧವೆಂದು ಅಮೆರಿಕ ಕಾನೂನು ಮಾಡಿದ್ದೂ ಅದೇ 1872ರಲ್ಲಿ! ಒಂದೇ ವರ್ಷ, ಒಂದೇ ಅಂಚೆ. ಅದೇ ದಾರಿಯಲ್ಲಿ ಪ್ರಾಮಾಣಿಕನೂ ನಡೆದ, ಕಳ್ಳನೂ ನಡೆದ. ಹೊರಗಿನ ಗುರುತುಗಳು ಇಬ್ಬರಿಗೂ ಸಮನಾಗಿದ್ದರೆ ವ್ಯತ್ಯಾಸವನ್ನು ಎಲ್ಲಿ ಹುಡುಕಬೇಕು? 1875ರಲ್ಲಿ ವಾರ್ಡ್ ಇದಕ್ಕೆ ತನ್ನದೇ ಉತ್ತರ ಕೊಟ್ಟ. ಸರಕು ಮೆಚ್ಚಿಗೆಯಾಗದಿದ್ದರೆ ಹಣ ವಾಪಸ್ ಎಂದು ಘೋಷಿಸಿದ. ಮುಖ ತೋರಿಸಲಾಗದವನು ಮುಖದ ಬದಲಿಗೆ ತನ್ನ ನಷ್ಟವನ್ನು ಒತ್ತೆ ಇಟ್ಟ ಹಾಗಾಯಿತು. ಇದು ವ್ಯಾಪಾರದ ಜಾಣತನವಷ್ಟೇ ಎಂದು ನನಗೆ ಅನ್ನಿಸುವುದಿಲ್ಲ. ಕಾಣದ ರೈತ ಬಟ್ಟೆಯನ್ನು ಉಟ್ಟು ಹಳತು ಮಾಡಿ ಹಿಂದಿರುಗಿಸಲಾರ ಎಂಬ ಭರವಸೆ ಅವನಿಗೂ ಬೇಕಿತ್ತು. ಅಂಚೆ ವ್ಯಾಪಾರದಲ್ಲಿ ಕುರುಡುತನ ಎರಡೂ ಕಡೆ ಇದೆ. ನಂಬಬೇಕಾದವರು ನಾವು ಮಾತ್ರ ಎಂದುಕೊಳ್ಳುವುದು ತಪ್ಪು.

ಹಾಗಿದ್ದರೆ ಕಂಪ್ಯೂಟರಿನ ವಿಷಯಕ್ಕೆ ಬರೋಣ. ‘ಇವನು ಒಳ್ಳೆಯವನೇ’ ಎಂಬ ಪ್ರಶ್ನೆಗೆ ಜಾಹೀರಾತಿನ ಹಾಳೆಯಿಂದ ಉತ್ತರ ಹೊರಡದು. ‘ಈ ಅಗ್ಗ ಎಲ್ಲಿಂದ ಬಂತು’ ಎಂದು ಕೇಳಿದರೆ ಮಾತ್ರ ಏನಾದರೂ ಹೊರಟೀತು. ಯಾವ ಬೆಲೆಯೂ ತಾನಾಗಿಯೇ ಇಳಿಯುವುದಿಲ್ಲ; ಎಲ್ಲೋ ಏನನ್ನೋ ತೆಗೆದಾಗ ಮಾತ್ರ ಇಳಿಯುತ್ತದೆ. ಏನನ್ನು ತೆಗೆದರು, ಯಾರ ಪಾಲಿನಿಂದ ತೆಗೆದರು ಎಂಬುದೇ ತಿಳಿಯಬೇಕಾದ ಸಂಗತಿ.

1984ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಹತ್ತೊಂಬತ್ತರ ವಿದ್ಯಾರ್ಥಿ ಮೈಕೆಲ್ ಡೆಲ್ ಸಾವಿರ ಡಾಲರಿನ ಬಂಡವಾಳದಲ್ಲಿ ‘ಪಿಸೀಸ್ ಲಿಮಿಟೆಡ್’ ಎಂಬ ಸಂಸ್ಥೆ ಕಟ್ಟಿದ; ಅದೇ ಮುಂದೆ ಡೆಲ್ ಸಂಸ್ಥೆಯಾಯಿತು. ಮರುವರ್ಷ ಅಯೋವಾದ ಒಂದು ಹೊಲಮನೆಯಲ್ಲಿ ‘ಗೇಟ್‌ವೇ 2000’ ಹುಟ್ಟಿತು; ಅದರ ಮೊದಲ ಸಾಲಕ್ಕೆ ಆಧಾರವಾಗಿ ನಿಂತದ್ದು ಸಂಸ್ಥಾಪಕನೊಬ್ಬನ ಅಜ್ಜಿಯ ಠೇವಣಿ. ಇವರ ಅಗ್ಗಕ್ಕೆ ಅರ್ಥವಾಗುವ ಕಾರಣವಿತ್ತು. ನಡುವಿನ ಅಂಗಡಿಯ ಬಾಡಿಗೆ ಇಲ್ಲ, ವಿತರಕನ ಲಾಭಾಂಶ ಇಲ್ಲ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಕಂಪ್ಯೂಟರಿನ ಬಿಡಿಭಾಗಗಳು ಕಪಾಟಿನಲ್ಲಿ ಕುಳಿತಲ್ಲೇ ವಾರವಾರಕ್ಕೂ ಬೆಲೆ ಕಳೆದುಕೊಳ್ಳುತ್ತವೆ. ಬೇಡಿಕೆ ಬಂದ ಮೇಲೆ ಜೋಡಿಸಿ ಕಳುಹಿಸುವವನಿಗೆ ಆ ನಷ್ಟವಿಲ್ಲ. 90ರ ದಶಕದ ಕೊನೆಯ ಹೊತ್ತಿಗೆ ಡೆಲ್ ಸಂಸ್ಥೆ ಸುಮಾರು ಒಂದು ವಾರದ ದಾಸ್ತಾನಿನಲ್ಲೇ ವ್ಯವಹಾರ ನಡೆಸುತ್ತಿತ್ತು. ಗಿರಾಕಿಯ ಹಣ ಮೊದಲು ಬರುತ್ತಿತ್ತು, ಬಿಡಿಭಾಗ ಕೊಟ್ಟವರಿಗೆ ಆಮೇಲೆ ಸಲ್ಲುತ್ತಿತ್ತು. ಇಲ್ಲಿ ತೆಗೆದದ್ದು ವ್ಯರ್ಥವನ್ನು. ಯಾರ ತಟ್ಟೆಯಿಂದಲೂ ಕಸಿದದ್ದಲ್ಲ.

ಆದರೆ ಗಿರಾಕಿಯ ಹಣ ಮೊದಲು ಬರುವ ಈ ಏರ್ಪಾಡು ಎಂಥ ಇಬ್ಬಾಯ ಕತ್ತಿ ನೋಡಿ. ಪ್ರಾಮಾಣಿಕನಿಗೆ ಅದು ಬಂಡವಾಳ, ವಂಚಕನಿಗೆ ಅದೇ ಕಸುಬು. 1979ರಲ್ಲಿ ಅರಿಜೋನಾದ ಟಕ್ಸನ್ ನಗರದಿಂದ ‘ವರ್ಲ್ಡ್ ಪವರ್ ಸಿಸ್ಟಮ್ಸ್’ ಎಂಬ ಹೆಸರಿನಲ್ಲಿ ಕಂಪ್ಯೂಟರ್ ಪತ್ರಿಕೆಗಳಿಗೆ ಜಾಹೀರಾತು ಬಂತು. ಹಣ ಕಳುಹಿಸಿದವರಿಗೆ ಸರಕು ಬರಲಿಲ್ಲ. ಅದೇ ಬಗೆಯ ಪತ್ರಿಕೆ, ಅದೇ ಬಗೆಯ ಪುಟ. ಮೆಚ್ಚಿನ ಪತ್ರಿಕೆಯಲ್ಲಿ ಅಚ್ಚಾಗಿದೆ ಎಂಬ ಕಾರಣಕ್ಕೇ ಜಾಹೀರಾತನ್ನು ನಂಬಿದವರು ಎಷ್ಟು ಮಂದಿಯೋ! ಒಬ್ಬರ ಮೇಲಿಟ್ಟ ವಿಶ್ವಾಸವನ್ನು ನಾವು ಅರಿವಿಲ್ಲದೆಯೇ ಇನ್ನೊಬ್ಬರಿಗೆ ಸಾಲ ಕೊಟ್ಟುಬಿಡುತ್ತೇವೆ.

ಕಳ್ಳನನ್ನು ಗುರುತಿಸುವುದು ಒಂದು ಕಷ್ಟವಾದರೆ, ಕಳ್ಳನಲ್ಲದಿದ್ದರೂ ಮಾತು ಉಳಿಸಿಕೊಳ್ಳಲಾಗದವನನ್ನು ಗುರುತಿಸುವುದು ಅದಕ್ಕಿಂತ ದೊಡ್ಡ ಕಷ್ಟ. ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಇದೇ. ಡೆಲ್ ಸಂಸ್ಥೆ ಹುಟ್ಟಿದ ಆಸ್ಟಿನ್ ನಗರದಲ್ಲೇ, ಅದಕ್ಕೂ ಎರಡು ವರ್ಷ ಮೊದಲು, ‘ಕಾಂಪುಆಡ್’ ಎಂಬ ಕಂಪನಿ ಹುಟ್ಟಿತ್ತು. ಅಗ್ಗದ ಕಂಪ್ಯೂಟರುಗಳಿಗೆ ಹೆಸರಾಗಿ, ಮಳಿಗೆಗಳನ್ನೂ ತೆರೆದು ಬೆಳೆಯಿತು. ಬೆಲೆ ಇಳಿಸುವ ಪೈಪೋಟಿ ಬಿಗಿಯಾದಾಗ 1993ರಲ್ಲಿ ದಿವಾಳಿ ಕಾನೂನಿನ ಆಸರೆ ಬೇಡಿತು, ಮಳಿಗೆಗಳನ್ನು ಮುಚ್ಚಿತು. ಅಲ್ಲಿ ಮೋಸದ ಉದ್ದೇಶವಿತ್ತೆಂದು ಯಾರೂ ಹೇಳಲಾರರು. ಆದರೆ ಕಂಪನಿಯೇ ಅಲುಗಾಡುವಾಗ ಗಿರಾಕಿಯ ಕೈಯಲ್ಲಿರುವ ವಾರಂಟಿ ಕಾಗದದ ಗತಿ ಏನು? ಅದು ಭವಿಷ್ಯದ ಮೇಲೆ ಬರೆದ ಚೆಕ್ಕು. ಒಂದು ವರ್ಷ ದುರಸ್ತಿ ಮಾಡಿಕೊಡುತ್ತೇನೆ ಎನ್ನುವವನು ಒಂದು ವರ್ಷ ಬದುಕಿರಬೇಕಲ್ಲವೇ? ಲಾಭವನ್ನು ಪೂರ್ತಿ ಸವೆಸಿ ಮಾರುವವನನ್ನು ನಾವು ಉದಾರಿ ಎಂದು ಕೊಂಡಾಡುತ್ತೇವೆ. ನಾಳೆ ನಮ್ಮ ಯಂತ್ರ ಕೆಟ್ಟಾಗ ಅವನು ಅಂಗಡಿಯಲ್ಲಿ ಇರಬೇಕಾದರೆ ಇಂದು ಅವನಿಗೆ ಒಂದಿಷ್ಟು ಉಳಿಯಲೇಬೇಕು. ಮಾರುವವನ ನ್ಯಾಯವಾದ ಲಾಭದಲ್ಲಿ ನಮ್ಮ ಹಿತವೂ ಸೇರಿದೆ ಎಂಬ ಈ ಸರಳ ಸತ್ಯವನ್ನು ಒಪ್ಪಿಕೊಳ್ಳಲು ಮನಸ್ಸು ಏಕೋ ಹಿಂಜರಿಯುತ್ತದೆ.

ಅಗ್ಗವನ್ನು ಸರಕಿನ ಒಡಲಿನಿಂದಲೇ ಕಿತ್ತು ತೆಗೆಯುವುದೂ ಉಂಟು. 90ರ ದಶಕದಲ್ಲಿ ನಿಧಾನಗತಿಯ ಪ್ರೊಸೆಸರಿನ ಮೇಲಿನ ಅಂಕಿಯನ್ನು ಕೆರೆದು, ಹೆಚ್ಚಿನ ವೇಗದ ಅಂಕಿ ಮುದ್ರಿಸಿ ಮಾರುವ ದಂಧೆ ನಡೆಯಿತು. ಕೆಲವು 486 ಮದರ್‌ಬೋರ್ಡುಗಳಲ್ಲಿ ಯಂತ್ರದ ವೇಗ ಹೆಚ್ಚಿಸುವ ಕ್ಯಾಶ್ ಮೆಮೊರಿಯ ಜಾಗದಲ್ಲಿ ಕೂತಿದ್ದವು ಒಳಗೆ ಏನೂ ಇಲ್ಲದ ಪ್ಲಾಸ್ಟಿಕ್ ತುಂಡುಗಳು. ಯಂತ್ರ ಚಾಲೂ ಆದಾಗ ಕ್ಯಾಶ್ ಇದೆ ಎಂದು ಪರದೆಯ ಮೇಲೆ ಬರುವಂತೆ, ಯಂತ್ರವನ್ನು ಚಾಲೂ ಮಾಡುವ ಬಯೋಸ್ ತಂತ್ರಾಂಶವನ್ನೂ ತಿದ್ದಿದ್ದರು. ಯಂತ್ರದ ಬಾಯಿಂದಲೇ ಸುಳ್ಳು ಹೇಳಿಸಿದರಲ್ಲ! ಮನುಷ್ಯರ ಮಾತಿಗಿಂತ ಯಂತ್ರದ ಮಾತು ನಿಷ್ಪಕ್ಷಪಾತ ಎಂದು ನಂಬಿದ ಕಾಲಕ್ಕೆ ಇದು ದೊಡ್ಡ ಪೆಟ್ಟು ಎಂದು ನಾನು ತಿಳಿಯುತ್ತೇನೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಂಪ್ಯೂಟರ್ ಜೋಡಿಸಿ ಕಳುಹಿಸಿದವನಿಗೇ ಈ ಮೋಸ ತಿಳಿದಿರದೆ ಇರಬಹುದು. ಅವನೂ ಅಗ್ಗ ಹುಡುಕಿ ಹೋದವನೇ, ಅವನಿಗೂ ಯಾರೋ ಅಗ್ಗಕ್ಕೆ ಕೊಟ್ಟಿದ್ದಾರೆ. ಒಬ್ಬ ಸಜ್ಜನನ ಕೈಯಿಂದಲೇ ಖೋಟಾ ಸರಕು ನಮ್ಮ ಮನೆಗೆ ಬರುವುದು ಹೀಗೆ. ಆದ್ದರಿಂದ ಮಾರುವವನ ಗುಣ ಒಳ್ಳೆಯದಿದ್ದರೆ ಸಾಲದು. ಅವನು ತನಗೆ ಮಾರಿದವರನ್ನು ಎಷ್ಟು ಎಚ್ಚರದಿಂದ ಆರಿಸಿದ್ದಾನೆ ಎಂಬುದೂ ಅವನ ಗುಣದ ಭಾಗವೇ ಆಗುತ್ತದೆ.

ಇನ್ನು ಆ ಸಣ್ಣ ಅಕ್ಷರಗಳು. ಸರಕು ಹಿಂದಿರುಗಿಸಿದರೆ ಶೇಕಡಾ 15 ಕಡಿತ, ಪೆಟ್ಟಿಗೆ ಒಡೆದಿದ್ದರೆ ವಾಪಸ್ ಇಲ್ಲ, ಕಾರ್ಡಿನಲ್ಲಿ ಹಣ ಕೊಟ್ಟರೆ ಬೇರೆ ಬೆಲೆ ಎಂಬಂಥವು. ದೊಡ್ಡ ಅಕ್ಷರದಲ್ಲಿ ಕೊಟ್ಟದ್ದನ್ನು ಸಣ್ಣ ಅಕ್ಷರದಲ್ಲಿ ಹಿಂದಕ್ಕೆ ಪಡೆಯುವ ವಿದ್ಯೆ ಇದು. ಈ ವಿದ್ಯೆಯ ದೂರು ಅನಾಮಿಕರ ಮೇಲೆ ಮಾತ್ರ ಬರಲಿಲ್ಲ. ಪೂರ್ತಿ ಹಣ ವಾಪಸ್ ಎಂದು ಹೇಳಿ ಸಾಗಣೆ ವೆಚ್ಚವನ್ನು ಮುರಿದುಕೊಂಡಿತೆಂಬ ಆರೋಪ ಗೇಟ್‌ವೇ ಮೇಲೆ ಬಂತು. ಕಂಪ್ಯೂಟರಿನ ಜೊತೆಗೆ ಬರಬೇಕಿದ್ದ ಸಾಫ್ಟ್‌ವೇರನ್ನು ಸಕಾಲಕ್ಕೆ ಕಳುಹಿಸಲಿಲ್ಲವೆಂಬ ಆರೋಪ ಡೆಲ್ ಮೇಲೆ ಬಂತು. 1998ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ಇತ್ಯರ್ಥದಲ್ಲಿ ಗೇಟ್‌ವೇ 2,90,000 ಡಾಲರನ್ನೂ ಡೆಲ್ 8,00,000 ಡಾಲರನ್ನೂ ತೆತ್ತವು. ಇದನ್ನು ಕೇಳಿ ಎಲ್ಲರೂ ಕಳ್ಳರೇ ಎಂದುಬಿಡುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಲಕ್ಷಾಂತರ ಮನೆಗಳಿಗೆ ಸರಿಯಾದ ಯಂತ್ರವನ್ನೇ ಮುಟ್ಟಿಸಿದ ಸಂಸ್ಥೆಗಳವು. ನಂಬಿಕೆಯನ್ನು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲು ಬರುವುದಿಲ್ಲ ಎಂಬುದಷ್ಟೇ ಇದರಿಂದ ತಿಳಿಯುವುದು. ಅದು ಪ್ರತಿ ಸಾಗಣೆಯಲ್ಲಿ, ಪ್ರತಿ ವಾಪಸಾತಿಯಲ್ಲಿ ಮತ್ತೆ ಹೊಸದಾಗಿ ಹುಟ್ಟಬೇಕು.

ಡೆಲ್ ಸಂಸ್ಥೆಯಿಂದ ದಂಡ ತೆರಿಸಿದ ಆ ಕೈಯ ಹಿಂದೆ ಒಂದು ನಿಯಮವಿತ್ತು. 1975ರಲ್ಲಿ ರೂಪುಗೊಂಡ ಆ ನಿಯಮದ ಪ್ರಕಾರ, ಅಂಚೆ ಮಾರಾಟಗಾರ ಹೇಳಿದ ದಿನದೊಳಗೆ, ದಿನ ಹೇಳದಿದ್ದರೆ 30 ದಿನದೊಳಗೆ, ಸರಕು ಕಳುಹಿಸಬೇಕು. ಆಗದಿದ್ದರೆ ತಡವನ್ನು ತಿಳಿಸಿ, ಗಿರಾಕಿ ಕಾಯಲು ಒಪ್ಪದಿದ್ದರೆ ಹಣ ಹಿಂದಿರುಗಿಸಬೇಕು. ಕ್ರೆಡಿಟ್ ಕಾರ್ಡಿನ ಬಿಲ್ಲಿನ ಬಗ್ಗೆ ತಕರಾರು ಎತ್ತುವ ಹಕ್ಕು ಅದರ ಹಿಂದಿನ ವರ್ಷದ ಕಾನೂನಿನಿಂದ ಬಂದಿತ್ತು. ಚೆಕ್ ಕಳುಹಿಸಬೇಡಿ, ಕಾರ್ಡಿನಲ್ಲೇ ಕೊಡಿ ಎಂದು ತಿಳಿದವರು ಆಗ ಹೇಳುತ್ತಿದ್ದುದು ಇದೇ ಕಾರಣಕ್ಕೆ. ಇದನ್ನು ಅಪನಂಬಿಕೆಯ ಏರ್ಪಾಡು ಎಂದು ಕೆಲವರು ಮೂಗು ಮುರಿಯಬಹುದು. ಆದರೆ ಯೋಚಿಸಿ ನೋಡೋಣ. ಬಿದ್ದರೆ ಹಿಡಿಯಲು ಕೈಯೊಂದಿದೆ ಎಂದು ತಿಳಿದಾಗಲೇ ಅಪರಿಚಿತನತ್ತ ಮೊದಲ ಹೆಜ್ಜೆ ಇಡಲು ಧೈರ್ಯ ಬರುವುದಲ್ಲವೇ? ಹೊಸದಾಗಿ ವ್ಯಾಪಾರ ಆರಂಭಿಸಿದ, ಇನ್ನೂ ಹೆಸರಿಲ್ಲದ ಪ್ರಾಮಾಣಿಕನಿಗೆ ಇಂಥ ಕಾನೂನು ಮಾಡಿದ ಉಪಕಾರ ದೊಡ್ಡದು.

ಕಾಣದವನನ್ನು ನಂಬುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಬೇರೊಂದು ಉತ್ತರ ಬಹಳ ಹಿಂದೆಯೇ ಬಂದಿತ್ತು. 1877ರಿಂದ ಭಾರತದ ಅಂಚೆಯಲ್ಲಿ ನಡೆದುಬಂದ ವಿ.ಪಿ.ಪಿ. ಪದ್ಧತಿ ಕನ್ನಡದ ಓದುಗರಿಗೆ ಹೊಸದಲ್ಲ. ಎಷ್ಟೋ ಪುಸ್ತಕಗಳು ಹಳ್ಳಿಗಳ ಮನೆ ಸೇರಿದ್ದು ಅದರ ಮೂಲಕ. ಪ್ರಕಾಶಕ ಪುಸ್ತಕ ಕಳುಹಿಸಿದ, ಓದುಗ ಅಂಚೆಯವನ ಕೈಗೆ ಹಣ ಕೊಟ್ಟು ಪಾರ್ಸೆಲ್ ಬಿಡಿಸಿಕೊಂಡ. ಇಬ್ಬರಿಗೂ ಪರಿಚಿತನಾದ ಮೂರನೆಯವನೊಬ್ಬ ನಡುವೆ ನಿಂತದ್ದರಿಂದ ಅಪರಿಚಿತರ ವ್ಯವಹಾರ ಸಲೀಸಾಯಿತು. ಆದರೂ ಅಂಚೆಯವನು ಸಾಕ್ಷಿ ನುಡಿಯಬಲ್ಲದ್ದು ಪೊಟ್ಟಣ ಬಂದಿದೆ ಎಂಬುದಕ್ಕೆ ಮಾತ್ರ. ಪೊಟ್ಟಣದೊಳಗೆ ಏನಿದೆ ಎಂಬುದು ಹಣ ಕೊಟ್ಟ ಮೇಲೆ ತಿಳಿಯಬೇಕಾದ ವಿಷಯ. ಇಂದು ಬಾಗಿಲಿಗೆ ಬಂದವನ ಕೈಗೆ ನಗದು ಕೊಟ್ಟು ಲ್ಯಾಪ್‌ಟಾಪಿನ ಪೆಟ್ಟಿಗೆ ತೆಗೆದುಕೊಳ್ಳುವ ನಾವೂ ಅಷ್ಟೇ ಕುರುಡರು.

ಇಷ್ಟು ಹೊತ್ತು ಮಾರುವವನನ್ನು ಅಳೆದೆವು. ಕೊಳ್ಳುವ ನಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳದಿದ್ದರೆ ಈ ವಿಚಾರ ಅರ್ಧಕ್ಕೇ ನಿಂತಂತೆ. ಊರಿನ ಅಂಗಡಿಗೆ ಹೋಗಿ, ಯಾವ ಮಾನಿಟರ್ ಕಣ್ಣಿಗೆ ಹಿತ, ಎಷ್ಟು ಮೆಮೊರಿ ಸಾಕು ಎಂದು ಗಂಟೆಗಟ್ಟಲೆ ಕೇಳಿ ತಿಳಿದು, ಮನೆಗೆ ಬಂದು ದೂರದ ಅಗ್ಗದವನಿಗೆ ಆರ್ಡರ್ ಕೊಟ್ಟವರು ಅಲ್ಲಿಯೂ ಇದ್ದರು, ಇಲ್ಲಿಯೂ ಇದ್ದಾರೆ. ಅವರಿಗೆ ಸಿಕ್ಕ ಅಗ್ಗ ಎಲ್ಲಿಂದ ಬಂತು? ಆ ಅಂಗಡಿಯವನ ಒಂದು ಗಂಟೆಯಿಂದ, ಅವನ ತಿಳಿವಳಿಕೆಯಿಂದ. ಅದಕ್ಕೆ ಯಾರೂ ಬೆಲೆ ಕೊಡಲಿಲ್ಲ. ಕೆಲಸ ಮುಗಿಯುವವರೆಗೆ ಯಂತ್ರವನ್ನು ಬಳಸಿ, ಅವಧಿಯ ಕೊನೆಯ ದಿನ ‘ಮೆಚ್ಚಿಗೆಯಾಗಲಿಲ್ಲ’ ಎಂದು ಹಿಂದಿರುಗಿಸುವವರೂ ಇದ್ದಾರೆ. ಶೇಕಡಾ 15ರ ಆ ಕಡಿತ ಹುಟ್ಟಿದ್ದರಲ್ಲಿ ಇಂಥವರ ಪಾಲೂ ಇದೆ ಎಂದು ನಾನು ಒಪ್ಪುತ್ತೇನೆ. ಮಾರುವವನು ನಂಬಿಕಸ್ಥನೇ ಎಂದು ಕೇಳುವ ಹಕ್ಕು ನಮಗಿದೆ. ಅಂಥದೇ ಪ್ರಶ್ನೆಯನ್ನು ಅವನೂ ನಮ್ಮ ಬಗ್ಗೆ ಕೇಳಿಕೊಂಡು, ಅದರ ಉತ್ತರವನ್ನು ಸಣ್ಣ ಅಕ್ಷರಗಳಲ್ಲಿ ಬರೆಯುತ್ತಾನೆ.

ಅಂಚೆಯಲ್ಲಿ ಮಾರುವವನಿಗೆ ಅಂಗಡಿಯಿಲ್ಲ, ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಮುಖವಿಲ್ಲ. ಯಂತ್ರ ಕೆಟ್ಟ ದಿನ ಅವನು ನಮಗೆ ಸಿಗುವುದು ಒಂದು ದನಿಯಾಗಿ ಮಾತ್ರ. ಈ ಶತಮಾನದ ಆರಂಭದಲ್ಲಿ ಡೆಲ್ ಸಂಸ್ಥೆಯ ಆ ದನಿಯ ಒಂದು ಪಾಲು ನಮ್ಮ ಬೆಂಗಳೂರಿಗೆ ಬಂತು. ಅಮೆರಿಕದ ಹಗಲಿಗಾಗಿ ಇಲ್ಲಿನ ಇರುಳು ಎಚ್ಚರವಾಗಿದ್ದ ನಮ್ಮ ಹುಡುಗ ಹುಡುಗಿಯರು, ಕಂಡರಿಯದ ಮನುಷ್ಯನ ಕಂಡರಿಯದ ಯಂತ್ರವನ್ನು ಮಾತಿನಲ್ಲೇ ರಿಪೇರಿ ಮಾಡಲು ಕುಳಿತರು. 2003ರ ನವೆಂಬರಿನಲ್ಲಿ, ಗಿರಾಕಿಗಳ ದೂರುಗಳ ನಂತರ, ಕಚೇರಿಗಳಿಗೆ ಮಾರಿದ ಆಪ್ಟಿಪ್ಲೆಕ್ಸ್ ಮತ್ತು ಲ್ಯಾಟಿಟ್ಯೂಡ್ ಕಂಪ್ಯೂಟರುಗಳ ಕರೆಗಳನ್ನು ಕಂಪನಿ ಮತ್ತೆ ಅಮೆರಿಕಕ್ಕೆ ತಿರುಗಿಸಿತು. ಉಚ್ಚಾರಣೆ ಅರ್ಥವಾಗುವುದಿಲ್ಲ, ಬರೆದುಕೊಟ್ಟ ಉತ್ತರವನ್ನೇ ಓದುತ್ತಾರೆ ಎಂಬುದು ದೂರು. ಇವುಗಳಲ್ಲಿ ಮೊದಲನೆಯದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಎರಡನೆಯದು ಯೋಚಿಸಬೇಕಾದದ್ದು. ಬರೆದುಕೊಟ್ಟದ್ದನ್ನು ಮೀರಿ ಮಾತಾಡುವ ಅಧಿಕಾರವನ್ನು ಆ ಮಕ್ಕಳಿಗೆ ಯಾರು ಕೊಟ್ಟಿದ್ದರು? ಸೌಜನ್ಯ ಅವರಲ್ಲಿತ್ತು, ಸಹನೆ ಇತ್ತು. ‘ಸರಿ, ಬೇರೆ ಯಂತ್ರ ಕಳುಹಿಸುತ್ತೇನೆ’ ಎನ್ನುವ ಹಕ್ಕು ಇದ್ದಿದ್ದರೆ ಅವರ ಉಚ್ಚಾರಣೆಯ ಬಗ್ಗೆ ಅಷ್ಟು ದೂರು ಬರುತ್ತಿತ್ತೇ? ನಂಬಿಕೆಗೆ ಇಂಪಾದ ದನಿ ಸಾಲದು, ತೀರ್ಮಾನ ಮಾಡಬಲ್ಲ ದನಿ ಬೇಕು.

ನಮ್ಮ ದೇಶದ 2020ರ ಇ-ಕಾಮರ್ಸ್ ನಿಯಮಗಳು ಈ ತಿಳಿವಿನ ಹತ್ತಿರಕ್ಕೆ ಬಂದಿವೆ. ಆನ್‌ಲೈನಿನಲ್ಲಿ ಮಾರುವ ಸಂಸ್ಥೆ ದೂರು ಕೇಳುವ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಪ್ರಕಟಿಸಬೇಕು. ಆ ಅಧಿಕಾರಿ 48 ಗಂಟೆಗಳಲ್ಲಿ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಗ್ಗದ ಲ್ಯಾಪ್‌ಟಾಪ್ ಕಣ್ಣು ಕುಕ್ಕಿದಾಗ ಮೊದಲು ಹುಡುಕಬೇಕಾದದ್ದು ಆ ಹೆಸರನ್ನು. ಆಮೇಲೆ, ಹಣ ಕೊಡುವ ಮೊದಲೇ, ಮಾರಾಟದ ಸಂಖ್ಯೆಯನ್ನು ಬಿಟ್ಟು ರಿಪೇರಿಯ ಸಂಖ್ಯೆಗೆ ಒಮ್ಮೆ ಕರೆ ಮಾಡೋಣ. ಎಷ್ಟು ಹೊತ್ತು ಕಾಯಿಸುತ್ತಾರೆ? ಮದರ್‌ಬೋರ್ಡ್ ಕೆಟ್ಟರೆ ಕಳುಹಿಸುವ ಖರ್ಚು ಯಾರದು, ಹಾಕಿಕೊಡುವ ಭಾಗ ಹೊಸದೋ ಹಳೆಯದೋ, ಈ ಮಾತನ್ನು ಬರಹದಲ್ಲಿ ಕೊಡುತ್ತೀರಾ ಎಂದು ಕೇಳಿದರೆ ಏನನ್ನುತ್ತಾರೆ? ಇನ್ನೂ ಒಂದು ರೂಪಾಯಿಯನ್ನೂ ಕೊಡದ ನಮ್ಮ ಪ್ರಶ್ನೆಗೆ ಅಲ್ಲಿ ಕುಳಿತವರು ತಡವರಿಸದೆ ಉತ್ತರ ಕೊಟ್ಟು, ಆ ಉತ್ತರವನ್ನು ಬರೆದು ಕಳುಹಿಸಿದರೆ, ಆಗ ಅವರ ಬೆಲೆಪಟ್ಟಿಯನ್ನು ಕೈಗೆತ್ತಿಕೊಳ್ಳಬಹುದು.